ತೂರಾಡುವ ಇಲಿ ಮತ್ತು ಮಿದುಳಿನ ಗಾರೆ

ಎರಡು ವಾರದ ಇಲಿಮರಿ. ಒಡಹುಟ್ಟಿದವು ಆಗಲೇ ಕಣ್ಣು ಬಿಟ್ಟು ಪೆಟ್ಟಿಗೆಯ ಮೂಲೆಮೂಲೆ ಮೂಸಿ ನೋಡುತ್ತಿವೆ. ಇದು ಮಾತ್ರ ಹಿಂಗಾಲು ಊರಿ ಏಳಲು ಹೋಗಿ ಪಕ್ಕಕ್ಕೆ ಉರುಳುತ್ತದೆ. ಮತ್ತೆ ಏಳುತ್ತದೆ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಸೊಂಟ ಒಂದು ಕಡೆಗೆ ವಾಲಿ ಮತ್ತೆ ಬೀಳುತ್ತದೆ. ಮೈಯೆಲ್ಲ ಸಣ್ಣ ನಡುಕ. ಕಾಲಿನಲ್ಲಿ ಕಸುವಿಲ್ಲವೆಂದಲ್ಲ, ಆ ಕಸುವನ್ನು ಎಲ್ಲಿ ಎಷ್ಟು ಹಾಕಬೇಕೆಂಬುದೇ ಗೊತ್ತಿಲ್ಲದ ಹಾಗೆ ಅದು ತೂರಾಡುತ್ತದೆ.

ಸ್ಕಾಟ್ಲೆಂಡಿನ ಎಡಿನ್‌ಬರ್ಗ್‌ನ ಪ್ರಾಣಿ ತಳಿವಿಜ್ಞಾನ ಸಂಸ್ಥೆಯಲ್ಲಿ ಸಾಕಿದ್ದ ಇಲಿಗಳ ನಡುವೆ ತಾನಾಗಿಯೇ ಹುಟ್ಟಿಕೊಂಡ ಈ ತಳಿಯನ್ನು ಲೋಕಕ್ಕೆ ತಿಳಿಸಿದವರು ಡಗ್ಲಸ್ ಫಾಲ್ಕನರ್. ತೂರಾಡುವುದಕ್ಕೆ ಇಂಗ್ಲಿಷಿನಲ್ಲಿರುವ ಪದದಿಂದಲೇ ಅದಕ್ಕೆ ‘ರೀಲರ್’ ಎಂಬ ಹೆಸರು ಬಂತು. ತಂದೆ ತಾಯಿ ಇಬ್ಬರಿಂದಲೂ ಜೀನಿನ ಕೆಟ್ಟ ಪ್ರತಿಯೇ ಬಂದರೆ ಮಾತ್ರ ಮರಿ ತೂರಾಡುತ್ತದೆ. ಒಂದು ಪ್ರತಿ ನೆಟ್ಟಗಿದ್ದರೆ ಮರಿಯನ್ನು ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಇದನ್ನು ಫಾಲ್ಕನರ್ 1951ರಲ್ಲಿ ‘ಜರ್ನಲ್ ಆಫ್ ಜೆನೆಟಿಕ್ಸ್’ ಪತ್ರಿಕೆಯಲ್ಲಿ, ‘ಟ್ರೆಂಬ್ಲರ್’ ಎಂಬ ಇನ್ನೊಂದು ನಡುಗುವ ಇಲಿಯ ಜೊತೆ ಸೇರಿಸಿ ವರದಿ ಮಾಡಿದರು.

ಆ ಪತ್ರಿಕೆಗೆ ಆಗ ಜೆ.ಬಿ.ಎಸ್. ಹಾಲ್ಡೇನ್ ಸಂಪಾದಕರು. 1957ರಲ್ಲಿ ಅವರು ಲಂಡನ್ ಬಿಟ್ಟು ಭಾರತಕ್ಕೆ ಬಂದು ನೆಲೆಸಿದಾಗ ಪತ್ರಿಕೆಯೂ ಅವರ ಜೊತೆಗೇ ಬಂತು. ಅವರು ತೀರಿಕೊಂಡ ಮೇಲೆ ಕೆಲಕಾಲ ನಡೆದು, ಆಮೇಲೆ ನಿಂತುಹೋಗಿ, 1985ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಕೈಯಲ್ಲಿ ಮತ್ತೆ ಜೀವ ಪಡೆಯಿತು. ಸದಾಶಿವನಗರದಲ್ಲಿ, ಸಿ.ವಿ. ರಾಮನ್ ಹುಟ್ಟುಹಾಕಿದ ಆ ಅಕಾಡೆಮಿಯ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಆ ಇಲಿಮರಿ ನೆನಪಾಗುತ್ತದೆ. ಮಿದುಳಿನ ಬಗ್ಗೆ ನಾವಿಂದು ತಿಳಿದಿರುವುದರಲ್ಲಿ ಒಂದು ದೊಡ್ಡ ಪಾಲು ಅದರಿಂದ ಬಂದದ್ದು.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. ಫಾಲ್ಕನರ್ ಕೆಲಸ ಮಾಡುತ್ತಿದ್ದ ಅದೇ ಎಡಿನ್‌ಬರ್ಗ್ ಸಂಸ್ಥೆಗೆ 1947ರಲ್ಲಿ ಪ್ರಾಧ್ಯಾಪಕರಾಗಿ ಬಂದವರು ಕಾನ್ರಾಡ್ ವ್ಯಾಡಿಂಗ್ಟನ್. ‘ಎಪಿಜೆನೆಟಿಕ್ಸ್’ ಎಂಬ ಪದವನ್ನು 1942ರಲ್ಲಿ ಬಳಕೆಗೆ ತಂದವರು ಅವರೇ. ಒಂದೇ ಡಿಎನ್‌ಎ ಬರಹವಿರುವ ಜೀವಕೋಶಗಳಲ್ಲಿ ಒಂದು ಕಣ್ಣಾಗಿ ಇನ್ನೊಂದು ಕರುಳಾಗುವುದು ಹೇಗೆ, ಯಾವ ಜೀನು ಎಲ್ಲಿ ಮಾತಾಡಬೇಕು ಎಲ್ಲಿ ಸುಮ್ಮನಿರಬೇಕು ಎಂಬುದು ತೀರ್ಮಾನವಾಗುವುದು ಹೇಗೆ ಎಂಬುದು ಅವರ ಪ್ರಶ್ನೆ. ತೂರಾಡುವ ಇಲಿ ಮತ್ತು ಈ ಪದ ಒಂದೇ ಸೂರಿನಡಿ ಇದ್ದವು. ಅವೆರಡೂ ಒಂದನ್ನೊಂದು ಕಂಡುಕೊಳ್ಳಲು ಇನ್ನೂ ಐವತ್ತು ವರ್ಷ ಬೇಕಾಯಿತು.

ಮೊದಲು ಆ ಇಲಿಯ ತಲೆಯೊಳಗೆ ಏನಾಗಿತ್ತು ಎಂಬುದನ್ನು ನೋಡಬೇಕು. ಕಿರುಮಿದುಳು ಚಿಕ್ಕದಾಗಿ ಮುದುಡಿಕೊಂಡಿತ್ತು, ತೂರಾಟಕ್ಕೆ ಅದು ಕಾರಣ. ಆದರೆ ಅಚ್ಚರಿ ಇದ್ದದ್ದು ಮಿದುಳಿನ ಹೊರಪದರ ಕಾರ್ಟೆಕ್ಸ್‌ನಲ್ಲಿ. ಕಾರ್ಟೆಕ್ಸ್ ಆರು ಅಂತಸ್ತಿನ ಮನೆ. ಅದು ಕಟ್ಟಿಕೊಳ್ಳುವ ಬಗೆಯನ್ನು 1961ರಲ್ಲಿ ಅಮೆರಿಕದಲ್ಲಿ ಆಂಜವೀನ್ ಮತ್ತು ಸಿಡ್ಮನ್ ಕಂಡುಹಿಡಿದರು. ಬಸುರಿ ಇಲಿಗೆ ಒಂದು ನಿರ್ದಿಷ್ಟ ದಿನ ವಿಕಿರಣ ಸೂಸುವ ಥೈಮಿಡಿನ್ ಕೊಟ್ಟರೆ, ಆ ದಿನ ಹುಟ್ಟುವ ನರಕೋಶಗಳಿಗೆಲ್ಲ ಹುಟ್ಟಿದ ದಿನದ ಗುರುತು ಬಿದ್ದ ಹಾಗೆ. ಆಮೇಲೆ ಆ ಗುರುತು ಯಾವ ಅಂತಸ್ತಿನಲ್ಲಿ ಸಿಗುತ್ತದೆಂದು ನೋಡಿದರಾಯಿತು. ಮೊದಲು ಹುಟ್ಟಿದವು ಕೆಳಗಿನ ಅಂತಸ್ತಿನಲ್ಲಿ ಕೂರುತ್ತವೆ. ಆಮೇಲೆ ಹುಟ್ಟಿದವು ಮೊದಲೇ ಕೂತವರ ನಡುವೆ ನುಸುಳಿಕೊಂಡು ದಾಟಿ ಅವರ ತಲೆಯ ಮೇಲಿನ ಅಂತಸ್ತಿಗೆ ಏರುತ್ತವೆ. ಹೀಗೆ ಕಿರಿಯರೆಲ್ಲ ಮೇಲೆ, ಹಿರಿಯರೆಲ್ಲ ಕೆಳಗೆ.

ರೀಲರ್ ಇಲಿಯಲ್ಲಿ ಈ ಕ್ರಮ ಹೆಚ್ಚುಕಡಿಮೆ ತಲೆಕೆಳಗು. ಕಿರಿಯ ಕೋಶಗಳು ಹಿರಿಯರನ್ನು ದಾಟಲಾರದೆ ಅವರ ಕೆಳಗೇ ಒತ್ತೊತ್ತಾಗಿ ಸೇರಿಕೊಂಡಿರುತ್ತವೆ. ಕೋಶಗಳ ಸಂಖ್ಯೆ, ಜಾತಿ ಎಲ್ಲ ಬಹುತೇಕ ಸರಿಯೇ. ಕೂತ ಜಾಗ ಮಾತ್ರ ತಪ್ಪು. ಹಾಗಾದರೆ ದೋಷ ಪ್ರಯಾಣ ಹೊರಟ ಕೋಶದೊಳಗಿದೆಯೋ, ಅದು ನಡೆಯುವ ದಾರಿಯಲ್ಲಿದೆಯೋ? ರೀಲರ್ ಭ್ರೂಣವನ್ನೂ ಮಾಮೂಲಿ ಭ್ರೂಣವನ್ನೂ ಬೆರೆಸಿ ಬೆಳೆಸಿದ ಇಲಿಗಳ ಕಿರುಮಿದುಳಿನಲ್ಲಿ ಸುಳಿವು ಸಿಕ್ಕಿತು. ಅಲ್ಲಿ ರೀಲರ್ ಕೋಶಗಳೂ ನೆರೆಯವರ ಹಾಗೆ ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತಿದ್ದವು. ಪ್ರಯಾಣಿಕನಲ್ಲಿ ದೋಷವಿಲ್ಲ. ದೋಷವಿದ್ದದ್ದು ಸುತ್ತಲಲ್ಲಿ.

ಸುತ್ತಲು ಎಂದರೆ ಏನು? ಮಿದುಳು ಎಂದಕೂಡಲೇ ನಮ್ಮ ಕಣ್ಣಿಗೆ ಕಟ್ಟುವುದು ನರಕೋಶಗಳು. ಆದರೆ ಬೆಳೆದ ಮಿದುಳಿನ ಗಾತ್ರದಲ್ಲಿ ಸುಮಾರು ಐದನೇ ಒಂದು ಪಾಲು ಕೋಶಗಳ ನಡುವಿನ ಸಂದು. ಆ ಸಂದಿನಲ್ಲಿರುವುದು ಬರೀ ನೀರಲ್ಲ. ಸಕ್ಕರೆಯ ಉದ್ದುದ್ದ ಸರಪಳಿಗಳು, ಅವುಗಳಿಗೆ ಅಂಟಿಕೊಂಡ ಪ್ರೊಟೀನುಗಳು ಸೇರಿ ಒಂದು ಜಾಲ ಹೆಣೆದುಕೊಂಡಿರುತ್ತದೆ. ವಿಜ್ಞಾನದಲ್ಲಿ ಇದಕ್ಕೆ ಎಕ್ಸ್‌ಟ್ರಾಸೆಲ್ಯುಲರ್ ಮ್ಯಾಟ್ರಿಕ್ಸ್ ಎನ್ನುತ್ತಾರೆ. ನಾನು ಅದನ್ನು ಮಿದುಳಿನ ಗಾರೆ ಎನ್ನುತ್ತೇನೆ. ಗೋಡೆ ಕಟ್ಟುವವರಿಗೆ ಕಲ್ಲಿನಷ್ಟೇ ಗಾರೆಯೂ ಮುಖ್ಯ ಎಂಬುದು ಗೊತ್ತು. ಮಿದುಳನ್ನು ಓದುವವರು ಬಹಳ ಕಾಲ ಕಲ್ಲುಗಳನ್ನೇ ನೋಡುತ್ತಿದ್ದರು. ಈ ಗಾರೆ ಕಲ್ಲನ್ನು ಹಿಡಿದಿಡುವುದಷ್ಟೇ ಅಲ್ಲ, ಯಾವ ಕಲ್ಲು ಎಲ್ಲಿ ನಿಲ್ಲಬೇಕೆಂದು ಹೇಳುತ್ತದೆ ಎಂಬುದು ಗೊತ್ತಾದದ್ದು 1995ರಲ್ಲಿ.

ಗೊತ್ತಾದ ಬಗೆಯೂ ಸ್ವಾರಸ್ಯದ್ದು. ನ್ಯೂಜೆರ್ಸಿಯ ನಟ್ಲಿ ಎಂಬ ಊರಿನ ರೋಶ್ ಆಣ್ವಿಕ ಜೀವವಿಜ್ಞಾನ ಸಂಸ್ಥೆಯಲ್ಲಿ ಟಾಮ್ ಕರನ್ ಅವರ ತಂಡ ಫಾಸ್ ಎಂಬ ಬೇರೆಯೇ ಜೀನಿನ ಮೇಲೆ ಕೆಲಸ ಮಾಡುತ್ತಿತ್ತು. ಅದಕ್ಕಾಗಿ ಇಲಿಗಳಿಗೆ ಹೊರಗಿನಿಂದ ಡಿಎನ್‌ಎ ತುಂಡೊಂದನ್ನು ಸೇರಿಸುತ್ತಿದ್ದರು. ಹಾಗೆ ಸೇರಿಸಿದ ತುಂಡು ಎಲ್ಲಿ ಹೋಗಿ ಕೂರುತ್ತದೆಂಬುದು ಯಾರ ಹಿಡಿತದಲ್ಲೂ ಇರಲಿಲ್ಲ. ಒಂದು ಸಂತತಿಯಲ್ಲಿ ಮರಿಗಳು ತೂರಾಡತೊಡಗಿದವು. ಹಳೆಯ ರೀಲರ್ ಜೊತೆ ಕೂಡಿಸಿ ನೋಡಿದರೆ, ಕೆಟ್ಟದ್ದು ಅದೇ ಜೀನು! ತಂಡಕ್ಕೆ ಇದು ತಾನಾಗಿ ಒದಗಿದ ಭಾಗ್ಯ. ನಲವತ್ತು ವರ್ಷ ಯಾರ ಕೈಗೂ ಸಿಗದ ಜೀನಿನೊಳಗೆ ತಾವೇ ಹಾಕಿದ ತುಂಡು ನೆಟ್ಟ ಗೂಟದಂತೆ ನಿಂತಿತ್ತು. ಆ ಗೂಟ ಹಿಡಿದು ಅಕ್ಕಪಕ್ಕ ಅಗೆದರೆ ಜೀನು ಸಿಗಬೇಕು. 1994ರಲ್ಲಿ ಗೂಟ ಸಿಕ್ಕ ಸುದ್ದಿ ಹೊರಬಂತು. 1995ರ ಏಪ್ರಿಲ್‌ನಲ್ಲಿ ಗ್ಯಾಬ್ರಿಯೆಲಾ ಡಿ’ಆರ್ಕಾಂಜೆಲೊ ಮೊದಲ ಲೇಖಕಿಯಾಗಿ ‘ನೇಚರ್’ ಪತ್ರಿಕೆಯಲ್ಲಿ ಜೀನಿನ ವಿವರ ಪ್ರಕಟವಾಯಿತು. ಆ ಜೀನು ಬರೆಯುವ ಪ್ರೊಟೀನಿಗೆ ರೀಲಿನ್ ಎಂದು ಹೆಸರಾಯಿತು. ಅದು ಸುಮಾರು 3,460 ಅಮೈನೊ ಆಮ್ಲಗಳ ದೈತ್ಯ ಪ್ರೊಟೀನು. ಕೋಶದಿಂದ ಹೊರಗೆ ಸುರಿದು ಗಾರೆಯ ಭಾಗವಾಗುವುದೇ ಅದರ ಸ್ವಭಾವ.

ಅದೇ ವರ್ಷ ಜಪಾನಿನಿಂದ ಬಂದ ಕೆಲಸ ನನಗೆ ಇನ್ನೂ ಹೆಚ್ಚು ಇಷ್ಟ. ಮಸಾಹರು ಒಗಾವಾ ಮತ್ತು ಸಂಗಡಿಗರಿಗೆ ಜೀನು ಯಾವುದೆಂದು ಗೊತ್ತಿರಲಿಲ್ಲ. ಅವರು ಮಾಡಿದ್ದು ಇಷ್ಟೇ: ಮಾಮೂಲಿ ಇಲಿಯ ಮಿದುಳನ್ನು ಅರೆದು ರೀಲರ್ ಇಲಿಗೆ ಚುಚ್ಚಿದರು. ರೀಲರ್ ಇಲಿಯ ಮೈ ಹುಟ್ಟಿದಂದಿನಿಂದ ಒಂದು ಪ್ರೊಟೀನನ್ನು ಕಂಡೇ ಇಲ್ಲ. ಉಳಿದದ್ದೆಲ್ಲ ಅದಕ್ಕೆ ಪರಿಚಿತ. ಆ ಒಂದು ಪ್ರೊಟೀನು ಮಾತ್ರ ಪರಕೀಯ. ಹಾಗಾಗಿ ಇಲಿಯ ರಕ್ತ ಅದರ ವಿರುದ್ಧ ಪ್ರತಿಕಾಯ ತಯಾರಿಸಿತು. ತನಗೆ ಏನು ಇಲ್ಲವೋ ಅದನ್ನು ಆ ಇಲಿಯೇ ಬೆರಳು ತೋರಿಸಿ ಹೇಳಿದ ಹಾಗಾಯಿತು. ಸಿಆರ್-50 ಎಂಬ ಆ ಪ್ರತಿಕಾಯವನ್ನು ಮಾಮೂಲಿ ಇಲಿಭ್ರೂಣದ ಮಿದುಳಿನ ಮೇಲೆ ಹಾಕಿದಾಗ ಬಣ್ಣ ಬಂದದ್ದು ಮಿದುಳಿನ ತೀರ ಹೊರಅಂಚಿನಲ್ಲಿ ಮಲಗಿದ ಕೆಲವೇ ಕೋಶಗಳಿಗೆ. 19ನೆಯ ಶತಮಾನದ ಕೊನೆಯಲ್ಲಿ ಸ್ಪೇನಿನ ಕಹಾಲ್ ಮತ್ತು ಸ್ವೀಡನ್ನಿನ ರೆಟ್ಜಿಯಸ್ ಚಿತ್ರ ಬರೆದಿಟ್ಟಿದ್ದ ಕೋಶಗಳವು. ನೂರು ವರ್ಷ ಅವುಗಳ ಕೆಲಸವೇನೆಂದು ಯಾರಿಗೂ ತಿಳಿದಿರಲಿಲ್ಲ. ಕಟ್ಟಡದ ತುದಿಯಲ್ಲಿ ನಿಂತು ಅವು ರೀಲಿನ್ ಸುರಿಯುತ್ತಿದ್ದವು. ಏರಿ ಬರುವ ಕಿರಿಯ ಕೋಶಗಳು ಹಿರಿಯರನ್ನು ದಾಟಿ ಎಲ್ಲಿ ನಿಲ್ಲಬೇಕೆಂಬುದಕ್ಕೆ ಆ ರೀಲಿನ್ ಬೇಕಿತ್ತು.

ಫ್ರಾನ್ಸಿನ ಆರ್ಲಿಯಾನ್‌ನಲ್ಲಿ ಸಿಕ್ಕ ಇನ್ನೊಂದು ರೀಲರ್ ತಳಿ ಇದಕ್ಕೆ ಸಾಕ್ಷಿ ಹೇಳಿತು. ಅದರ ಕೋಶಗಳು ರೀಲಿನ್ ತಯಾರಿಸುತ್ತವೆ, ಆದರೆ ಬಾಲ ತುಂಡಾದ ಆ ಪ್ರೊಟೀನು ಕೋಶದಿಂದ ಹೊರಗೆ ಬರುವುದೇ ಇಲ್ಲ. ಮನೆಯೊಳಗೆ ಇದ್ದೂ ಇಲ್ಲದ ಹಾಗೆ. ಆ ಇಲಿಯೂ ತೂರಾಡುತ್ತದೆ.

ಇಲ್ಲಿಗೆ ಕತೆ ಮುಗಿದಿದ್ದರೆ ರೀಲಿನ್ ಭ್ರೂಣಕಾಲದ ಮೇಸ್ತ್ರಿಯಾಗಿ ಪುಸ್ತಕ ಸೇರುತ್ತಿತ್ತು. ಆದರೆ ಹುಟ್ಟಿದ ಮೇಲೆ ಕಟ್ಟಡದ ತುದಿಯ ಆ ಹಳೆಯ ಕೋಶಗಳು ಬಹುಪಾಲು ಸತ್ತುಹೋದರೂ ರೀಲಿನ್ ಸುರಿಯುವುದು ನಿಲ್ಲುವುದಿಲ್ಲ. ಆ ಕೆಲಸವನ್ನು ಬೇರೆ ಕೋಶಗಳು ವಹಿಸಿಕೊಳ್ಳುತ್ತವೆ. ಮಿದುಳಿನ ಗದ್ದಲವನ್ನು ತಗ್ಗಿಸುವ, ಗಾಬಾ ಎಂಬ ರಾಸಾಯನಿಕದ ಮೂಲಕ ಮಾತಾಡುವ ಸಣ್ಣ ನರಕೋಶಗಳವು. ಕಟ್ಟಡ ಎದ್ದುನಿಂತ ಮೇಲೂ ಗಾರೆ ಯಾಕೆ ಸುರಿಯಬೇಕು? ಈ ಪ್ರಶ್ನೆ ಕತೆಯನ್ನು ಶಿಕಾಗೋಗೆ ಕರೆದೊಯ್ಯುತ್ತದೆ.

ಶಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದ ಮನೋವೈದ್ಯ ಸಂಸ್ಥೆಯಲ್ಲಿ ಎರ್ಮಿನಿಯೊ ಕೋಸ್ಟಾ ಎಂಬ ಹಿರಿಯರಿದ್ದರು. ಹುಟ್ಟಿದ್ದು ಇಟಲಿಯ ಸಾರ್ಡಿನಿಯಾ ದ್ವೀಪದಲ್ಲಿ, ಗಾಬಾ ಬಗ್ಗೆ ಜೀವಮಾನವಿಡೀ ಕೆಲಸ. ಅವರ ಜೊತೆಗೆ ಅಲೆಸ್ಸಾಂಡ್ರೊ ಗ್ವಿಡೊಟ್ಟಿ. ಸ್ಕಿಝೋಫ್ರೀನಿಯಾ ಇದ್ದು ತೀರಿಕೊಂಡವರ ಮಿದುಳಿನ ತುಣುಕುಗಳಲ್ಲಿ ಅವರ ತಂಡ ರೀಲಿನ್ ಅಳೆಯಿತು. 1998ರಲ್ಲಿ ಪ್ರಕಟವಾದ ಫಲಿತಾಂಶ: ಪರೀಕ್ಷಿಸಿದ ಭಾಗಗಳಲ್ಲೆಲ್ಲ ರೀಲಿನ್ ಸುಮಾರು ಅರ್ಧಕ್ಕೆ ಇಳಿದಿತ್ತು. ಎರಡು ವರ್ಷದ ನಂತರ 60 ಮಿದುಳುಗಳ ಇನ್ನೊಂದು ಸಂಗ್ರಹದಲ್ಲಿ ನೋಡಿದರು. ಸ್ಕಿಝೋಫ್ರೀನಿಯಾ, ಬೈಪೋಲಾರ್, ಖಿನ್ನತೆ, ಯಾವ ಕಾಯಿಲೆಯೂ ಇಲ್ಲದವರು, ಹೀಗೆ ತಲಾ 15. ಅಳೆಯುವವರಿಗೆ ಯಾವ ತುಣುಕು ಯಾರದೆಂದು ಹೇಳಿರಲಿಲ್ಲ. ಆಗಲೂ ಸ್ಕಿಝೋಫ್ರೀನಿಯಾದಲ್ಲಿ, ಚಿತ್ತವಿಕಲತೆ ಇದ್ದ ಬೈಪೋಲಾರ್‌ನಲ್ಲಿ ರೀಲಿನ್ ಕಡಿಮೆ. ಗಾಬಾ ತಯಾರಿಸುವ ಕಿಣ್ವವೂ ಕಡಿಮೆ.

ಒಂದು ಕ್ಷಣ ನಿಂತು ಈ 60 ಮಿದುಳುಗಳ ಬಗ್ಗೆ ಯೋಚಿಸಬೇಕು. ಒಂದೊಂದರ ಹಿಂದೆಯೂ ಒಂದು ಮನೆ ಇದೆ. ತಮ್ಮವರು ಹೋದ ದಿನವೇ, ಕಣ್ಣೀರು ಒರೆಸಿಕೊಳ್ಳುವ ಮೊದಲೇ, ‘ತೆಗೆದುಕೊಳ್ಳಿ, ಮುಂದೆ ಯಾರಿಗಾದರೂ ಉಪಯೋಗವಾಗಲಿ’ ಎಂದು ಒಪ್ಪಿದವರಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ 1995ರಿಂದ ಮಾನವ ಮಿದುಳುಗಳ ಇಂಥ ಭಂಡಾರವೊಂದಿದೆ. ನಮ್ಮಲ್ಲಿ ಕಣ್ಣು ದಾನದ ಮಾತು ಮನೆಮನೆಯಲ್ಲಿ ನಡೆಯುತ್ತದೆ, ಮಿದುಳಿನ ಮಾತು ಇನ್ನೂ ಅಷ್ಟು ಸಲೀಸಾಗಿಲ್ಲ. ಈ ಲೇಖನದ ಅರ್ಧ ಭಾಗ ಅಂಥ ದಾನವಿಲ್ಲದೆ ಬರೆಯಲು ಆಗುತ್ತಿರಲಿಲ್ಲ.

ರೀಲಿನ್ ಅರ್ಧವಾಗಿತ್ತು, ಸರಿ. ಒಂದು ಪ್ರತಿ ಮಾತ್ರ ಕೆಟ್ಟ ರೀಲರ್ ಇಲಿಯಲ್ಲೂ ರೀಲಿನ್ ಅರ್ಧವೇ. ಹಾಗಾದರೆ ಈ ರೋಗಿಗಳ ಜೀನಿನಲ್ಲೂ ಒಂದು ಪ್ರತಿ ಕೆಟ್ಟಿರಬೇಕಲ್ಲ? ಈ ಇಳಿಕೆಗೆ ಕಾರಣವಾಗಬಲ್ಲ ಅಂಥ ಕೆಡುಕು ಬರಹದಲ್ಲಿ ಕಾಣಲಿಲ್ಲ. ಅಕ್ಷರ ನೆಟ್ಟಗಿದೆ, ಪ್ರೊಟೀನು ಮಾತ್ರ ಕಡಿಮೆ. ಬಹಳ ಸಂಶೋಧನೆಗಳು ಇಂಥ ಕಡೆ ಬಾಗಿಲು ಹಾಕಿಕೊಂಡು ಬೇರೆ ದಾರಿ ಹಿಡಿಯುತ್ತವೆ. ಶಿಕಾಗೋದವರು ಹಿಡಿದದ್ದು ವ್ಯಾಡಿಂಗ್ಟನ್ನರ ಪ್ರಶ್ನೆಯನ್ನು.

ತಾಳೆಗರಿಯ ಹಸ್ತಪ್ರತಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಗರಿಯ ಮೇಲೆ ಕಬ್ಬಿಣದ ಮೊನೆಯಿಂದ ಅಕ್ಷರ ಕೊರೆಯುತ್ತಾರೆ. ಕೊರೆದ ಅಕ್ಷರ ಕಣ್ಣಿಗೆ ಕಾಣುವುದಿಲ್ಲ. ಮಸಿ ಸವರಿ ಒರೆಸಿದಾಗ ಗೀರುಗಳಲ್ಲಿ ಮಸಿ ಉಳಿದು ಓದಲು ಬರುತ್ತದೆ. ಮಸಿ ಸವರದ ಗರಿಯಲ್ಲೂ ಬರಹ ಪೂರ್ತಿ ಇರುತ್ತದೆ, ಓದಲು ಮಾತ್ರ ಆಗುವುದಿಲ್ಲ. ಜೀನುಗಳ ಓದು ಹೀಗೆಯೇ. ಪ್ರತಿ ಜೀನಿನ ಮುಂದೆ ಪ್ರೊಮೋಟರ್ ಎಂಬ ಹೊಸ್ತಿಲು ಇರುತ್ತದೆ. ಓದುವ ಯಂತ್ರ ಬಂದು ಕಾಲಿಡುವುದು ಅಲ್ಲಿ. ಆ ಹೊಸ್ತಿಲಿನಲ್ಲಿ ‘ಸಿ’ ಅಕ್ಷರದ ಪಕ್ಕ ‘ಜಿ’ ಅಕ್ಷರ ಬರುವ ಜಾಗಗಳಲ್ಲಿ ಮಿಥೈಲ್ ಎಂಬ ಪುಟ್ಟ ಗುಂಪು ಬಂದು ಅಂಟಿಕೊಳ್ಳಬಹುದು. ಒಂದು ಇಂಗಾಲ, ಮೂರು ಜಲಜನಕ, ಅಷ್ಟೇ ಅದರ ಗಾತ್ರ. ಅಂಥವು ಹೊಸ್ತಿಲಲ್ಲಿ ಗುಂಪುಗೂಡಿದರೆ ಸಾಮಾನ್ಯವಾಗಿ ಆ ಜೀನಿನ ಓದು ನಿಲ್ಲುತ್ತದೆ, ಇಲ್ಲವೇ ಕುಗ್ಗುತ್ತದೆ.

ಶಿಕಾಗೋ ತಂಡದ ಡೆನಿಸ್ ಗ್ರೇಸನ್ ಮತ್ತು ಸಂಗಡಿಗರು ಮನುಷ್ಯನ ರೀಲಿನ್ ಜೀನಿನ ಹೊಸ್ತಿಲನ್ನು ನೋಡಿದರು. ಅಲ್ಲಿ ಸಿ-ಜಿ ಜೋಡಿಗಳು ಕಿಕ್ಕಿರಿದಿದ್ದವು. ಮಿಥೈಲ್ ಎಲ್ಲಿ ಅಂಟಿದೆ ಎಂದು ತಿಳಿಯಲು ಬಳಸಿದ ವಿಧಾನ ಹತ್ತು ವರ್ಷ ಮೊದಲು ಆಸ್ಟ್ರೇಲಿಯಾದಲ್ಲಿ ಮರಿಯಾನ್ ಫ್ರಾಮರ್ ಮತ್ತಿತರರು ರೂಪಿಸಿದ್ದು. ಡಿಎನ್‌ಎಯನ್ನು ಬೈಸಲ್ಫೈಟ್ ಎಂಬ ಲವಣದಲ್ಲಿ ನೆನೆಸಿದರೆ ಮಿಥೈಲ್ ಇಲ್ಲದ ‘ಸಿ’ ಅಕ್ಷರವೆಲ್ಲ ಬೇರೆ ಅಕ್ಷರವಾಗಿ ಮಾರ್ಪಡುತ್ತದೆ. ಮಿಥೈಲ್ ಹೊತ್ತ ‘ಸಿ’ ಮಾತ್ರ ಬದಲಾಗದೆ ಉಳಿಯುತ್ತದೆ. ಆಮೇಲೆ ಅಕ್ಷರ ಅಕ್ಷರವಾಗಿ ಓದಿದರೆ, ಉಳಿದುಕೊಂಡ ಒಂದೊಂದು ‘ಸಿ’ಯೂ ಒಂದೊಂದು ಮಿಥೈಲಿನ ಗುರುತು. ಕಣ್ಣಿಗೆ ಎಂದೂ ಕಾಣದ ಚುಕ್ಕೆಯನ್ನು ಅಕ್ಷರದ ವ್ಯತ್ಯಾಸವಾಗಿ ಮಾರ್ಪಡಿಸಿದ ಈ ಉಪಾಯವಿಲ್ಲದಿದ್ದರೆ ಎಪಿಜೆನೆಟಿಕ್ಸ್ ಇಷ್ಟು ಬೆಳೆಯುತ್ತಿರಲಿಲ್ಲ ಎಂದು ನಾನು ನಂಬಿದ್ದೇನೆ.

ಪ್ರಯೋಗಕ್ಕೆ ಎನ್‌ಟಿ2 ಎಂಬ ಮಾನವ ಕೋಶಗಳನ್ನು ತೆಗೆದುಕೊಂಡರು. ರೆಟಿನೊಯಿಕ್ ಆಮ್ಲ ಕೊಟ್ಟರೆ ಅವು ನರಕೋಶದ ಹಾಗೆ ಬೆಳೆಯುತ್ತವೆ. ಕೊಡುವ ಮೊದಲು ರೀಲಿನ್ ಹೊಸ್ತಿಲಿನಲ್ಲಿ ಮಿಥೈಲ್ ದಟ್ಟವಾಗಿತ್ತು, ರೀಲಿನ್ ಇಲ್ಲವೆನ್ನುವಷ್ಟು ಕಡಿಮೆ. ಕೊಟ್ಟ ಮೇಲೆ ಮಿಥೈಲ್ ತೆಳುವಾಯಿತು, ರೀಲಿನ್ ಹರಿಯತೊಡಗಿತು. ಮಿಥೈಲ್ ಅಂಟಿಸುವ ಕಿಣ್ವವನ್ನು ತಡೆಯುವ ಔಷಧ ಹಾಕಿದಾಗಲೂ ರೀಲಿನ್ ಹೆಚ್ಚಿತು. ಡಿಎನ್‌ಎ ಸುತ್ತಿಕೊಂಡಿರುವ ಪ್ರೊಟೀನು ಉಂಡೆಗಳನ್ನು ಸಡಿಲಿಸುವ ಔಷಧಗಳು ಕೂಡ ಹಾಗೇ ಮಾಡಿದವು. ಅವುಗಳಲ್ಲಿ ಒಂದು ನಮ್ಮೂರ ಔಷಧದಂಗಡಿಯಲ್ಲೂ ಸಿಗುವ ವ್ಯಾಲ್ಪ್ರೊಯೇಟ್, ಫಿಟ್ಸ್ ಬರುವವರಿಗೆ ಕೊಡುವ ಮಾತ್ರೆ. 2002ರಲ್ಲಿ ಬಂದ ಅವರ ಲೇಖನದ ಹೆಸರಿನಲ್ಲೇ ರೀಲಿನ್ ಮತ್ತು ಎಪಿಜೆನೆಟಿಕ್ ಎಂಬ ಎರಡು ಪದಗಳು ಒಟ್ಟಿಗೆ ಕೂತಿದ್ದವು. ಎಡಿನ್‌ಬರ್ಗ್‌ನ ಇಲಿಯೂ ಎಡಿನ್‌ಬರ್ಗ್‌ನ ಪದವೂ ಕೊನೆಗೆ ಶಿಕಾಗೋದಲ್ಲಿ ಭೇಟಿಯಾದವು.

ಅದೇ ತಂಡಕ್ಕೆ 1961ರ ಒಂದು ಹಳೆಯ ವರದಿ ನೆನಪಿತ್ತು. ಆಗ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಪಾಲಿನ್, ಕಾರ್ಡನ್ ಮತ್ತು ಕೆಟಿ ಎಂಬುವರು ಸ್ಕಿಝೋಫ್ರೀನಿಯಾ ರೋಗಿಗಳಿಗೆ ಬೇರೆ ಬೇರೆ ಅಮೈನೊ ಆಮ್ಲಗಳನ್ನು, ಐಪ್ರೊನಯಾಝಿಡ್ ಎಂಬ ಔಷಧದ ಜೊತೆಗೆ ಕೊಟ್ಟು ನೋಡಿದ್ದರು. ಮಿಥಿಯೋನಿನ್ ಕೊಟ್ಟಾಗ ಕೆಲವರ ರೋಗ ಉಲ್ಬಣಿಸಿತು. ಓದುವಾಗ ಇವತ್ತಿಗೂ ಮನಸ್ಸಿಗೆ ಕಸಿವಿಸಿಯಾಗುತ್ತದೆ; ನರಳುತ್ತಿದ್ದವರ ನರಳಾಟ ಹೆಚ್ಚಿದ ಪ್ರಯೋಗವದು. ಆಗ ಅದಕ್ಕೆ ಒಪ್ಪುವ ವಿವರಣೆ ಸಿಕ್ಕಿರಲಿಲ್ಲ. ಈಗ ಒಂದು ಎಳೆ ಸಿಕ್ಕಿತು. ಮೈಯಲ್ಲಿ ಮಿಥೈಲ್ ಗುಂಪುಗಳು ಬರುವುದು ಮಿಥಿಯೋನಿನ್‌ನಿಂದಲೇ. ಅದು ಹೆಚ್ಚಾದರೆ ಹೊಸ್ತಿಲಿನಲ್ಲಿ ಮಿಥೈಲ್ ಹೆಚ್ಚಬಹುದಲ್ಲವೇ?

2002ರಲ್ಲೇ ಆ ತಂಡದ ಟ್ರೆಮೊಲಿಝೊ ಮತ್ತಿತರರು ಇಲಿಗಳಿಗೆ ಸುಮಾರು ಎರಡು ವಾರ ಮಿಥಿಯೋನಿನ್ ಚುಚ್ಚಿ ನೋಡಿದರು. ರೀಲಿನ್ ಹೊಸ್ತಿಲಿನಲ್ಲಿ ಮಿಥೈಲ್ ಏರಿತು, ರೀಲಿನ್ ಇಳಿಯಿತು, ಇಲಿಗಳ ನಡವಳಿಕೆಯೂ ಕೆಟ್ಟಿತು. ಜೊತೆಗೆ ವ್ಯಾಲ್ಪ್ರೊಯೇಟ್ ಕೊಟ್ಟ ಇಲಿಗಳಲ್ಲಿ ಹಾಗಾಗಲಿಲ್ಲ. ಇಲ್ಲಿ ಒಂದು ಮಾತು ಹೇಳಲೇಬೇಕು. ಮಿಥಿಯೋನಿನ್ ಮೊಟ್ಟೆಯಲ್ಲಿದೆ, ಎಳ್ಳಿನಲ್ಲಿದೆ, ಹಾಲಿನಲ್ಲಿದೆ. ಬದುಕಲು ಅದು ಬೇಕೇ ಬೇಕು. ಇಲಿಗಳಿಗೆ ಚುಚ್ಚಿದ ಪ್ರಮಾಣಕ್ಕೂ ನಮ್ಮ ಊಟದ ತಟ್ಟೆಗೂ ಸಂಬಂಧವಿಲ್ಲ. ಮನೆಯಲ್ಲಿ ಕಾಯಿಲೆಯವರಿದ್ದರೆ ಇದನ್ನು ಓದಿ ಪಥ್ಯ ಹಿಡಿಯಬೇಡಿ, ಮಾತ್ರೆ ಬದಲಿಸಬೇಡಿ.

2005ರಲ್ಲಿ ಗ್ರೇಸನ್ ತಂಡ ತೀರಿಕೊಂಡ ರೋಗಿಗಳ ಮಿದುಳಿನಲ್ಲಿಯೇ ಹೊಸ್ತಿಲಿನ ಕೆಲವು ನಿರ್ದಿಷ್ಟ ಜಾಗಗಳಲ್ಲಿ ಮಿಥೈಲ್ ಹೆಚ್ಚಿರುವುದನ್ನು ವರದಿ ಮಾಡಿತು. ಕತೆ ಪೂರ್ಣವಾಯಿತೆನ್ನುವಷ್ಟರಲ್ಲಿ, 2008ರಲ್ಲಿ ಜಪಾನಿನ ತೊಚಿಗಿ ಮತ್ತು ಸಂಗಡಿಗರು ಬೇರೆ ವಿಧಾನದಲ್ಲಿ ಅಳೆದು ತಮಗೆ ಅಲ್ಲಿ ಅಂಥ ಹೆಚ್ಚಳ ಕಾಣಲಿಲ್ಲ ಎಂದರು. ಇದನ್ನು ಮುಚ್ಚಿಟ್ಟು ಕತೆ ಹೇಳುವುದು ನನಗೆ ಸರಿಕಾಣುವುದಿಲ್ಲ. ಮಿದುಳಿನ ಒಂದು ತುಣುಕಿನಲ್ಲಿ ಹತ್ತಾರು ಬಗೆಯ ಕೋಶಗಳು ಬೆರೆತಿರುತ್ತವೆ. ರೀಲಿನ್ ಸುರಿಯುವವು ಅವುಗಳಲ್ಲಿ ಕೆಲವು ಮಾತ್ರ. ಎಲ್ಲವನ್ನೂ ಒಟ್ಟಿಗೆ ಅರೆದು ಅಳೆದಾಗ ಆ ಕೆಲವರ ಹೊಸ್ತಿಲಿನ ಗುರುತು ಗುಂಪಿನ ಗದ್ದಲದಲ್ಲಿ ಮರೆಯಾಗಬಹುದು, ಇಲ್ಲದ್ದು ಇದ್ದಂತೆ ಕಾಣಲೂಬಹುದು. ಸ್ಕಿಝೋಫ್ರೀನಿಯಾದಲ್ಲಿ ರೀಲಿನ್ ಕಡಿಮೆ ಎಂಬುದು ಬೇರೆ ಪ್ರಯೋಗಾಲಯಗಳಲ್ಲೂ ಕಂಡಿದೆ. ಅದಕ್ಕೆ ಹೊಸ್ತಿಲಿನ ಮಿಥೈಲೇ ಕಾರಣ ಎಂಬುದು ಇನ್ನೂ ವಿವಾದದಲ್ಲಿದೆ.

ಆದರೆ ಆ ವಿವಾದದ ನಡುವೆಯೇ ಇನ್ನೊಂದು ಕಡೆಯಿಂದ, ಯಾರೂ ನಿರೀಕ್ಷಿಸದ ಜಾಗದಲ್ಲಿ, ರೀಲಿನ್ ಹೊಸ್ತಿಲು ಮತ್ತೆ ತಲೆಯೆತ್ತಿತು. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಡೇವಿಡ್ ಸ್ವೆಟ್ ಅವರ ಪ್ರಯೋಗಾಲಯ ನೆನಪು ಹೇಗೆ ಉಳಿಯುತ್ತದೆ ಎಂಬುದನ್ನು ಹುಡುಕುತ್ತಿತ್ತು. ಮಿಥೈಲ್ ಬಗ್ಗೆ ಆವರೆಗೆ ಇದ್ದ ತಿಳಿವಳಿಕೆ ಏನೆಂದರೆ, ಅದು ಭ್ರೂಣಕಾಲದಲ್ಲಿ ಒಮ್ಮೆ ಅಂಟಿದರೆ ಕೋಶ ಬದುಕಿರುವವರೆಗೂ ಇರುತ್ತದೆ. ನರಕೋಶಗಳಂತೂ ವಿಭಜನೆಯಾಗುವುದೇ ಇಲ್ಲ, ಅಳಿಸಿ ಬರೆಯುವ ಸಂದರ್ಭವೆಲ್ಲಿ? ಕೋರ್ಟ್ನಿ ಮಿಲ್ಲರ್ ಎಂಬ ಯುವ ಸಂಶೋಧಕಿ ಇದನ್ನು ಪರೀಕ್ಷೆಗೆ ಒಡ್ಡಿದರು.

ಪ್ರಯೋಗಾಲಯದ ದೊಡ್ಡ ಜಾತಿಯ ಇಲಿಯನ್ನು ಅದು ಹಿಂದೆ ಕಂಡಿರದ ಪೆಟ್ಟಿಗೆಯಲ್ಲಿ ಬಿಡುತ್ತಾರೆ. ಸ್ವಲ್ಪ ಹೊತ್ತು ಅದು ಗೋಡೆ ಮೂಸುತ್ತದೆ, ಮುಂಗಾಲೆತ್ತಿ ನಿಂತು ನೋಡುತ್ತದೆ. ಆಮೇಲೆ ಕಾಲಡಿಯ ಸರಳುಗಳಿಂದ ಸಣ್ಣ ಶಾಕ್. ಮರುದಿನ ಅದೇ ಪೆಟ್ಟಿಗೆಗೆ ಬಿಟ್ಟರೆ ಶಾಕ್ ಇಲ್ಲದಿದ್ದರೂ ಇಲಿ ಕಲ್ಲಾಗಿ ನಿಲ್ಲುತ್ತದೆ. ಉಸಿರಾಟ ಬಿಟ್ಟು ಬೇರೆ ಚಲನೆಯಿಲ್ಲ. ಅಂದರೆ ಜಾಗ ನೆನಪಿದೆ ಎಂದರ್ಥ. ಮಿಲ್ಲರ್ ಮತ್ತು ಸ್ವೆಟ್ ಶಾಕ್ ತಗುಲಿದ ಒಂದು ಗಂಟೆಯ ನಂತರ ಹಿಪೊಕ್ಯಾಂಪಸ್ ಎಂಬ ನೆನಪಿನ ಭಾಗವನ್ನು ತೆಗೆದು ನೋಡಿದರು. ನೆನಪನ್ನು ಹತ್ತಿಕ್ಕುವ ಪಿಪಿ1 ಎಂಬ ಜೀನಿನ ಹೊಸ್ತಿಲಿನಲ್ಲಿ ಮಿಥೈಲ್ ಹೆಚ್ಚಿತ್ತು. ನೆನಪಿಗೆ ಬೆಂಬಲ ಕೊಡುವ ರೀಲಿನ್ ಜೀನಿನ ಹೊಸ್ತಿಲಿನಲ್ಲಿ ಮಿಥೈಲ್ ಕಡಿಮೆಯಾಗಿತ್ತು, ರೀಲಿನ್ ಓದು ಏರಿತ್ತು. ಒಂದೇ ಗಂಟೆಯಲ್ಲಿ! 24 ಗಂಟೆ ಕಳೆದು ನೋಡಿದರೆ ಎರಡೂ ಮೊದಲಿನ ಸ್ಥಿತಿಗೆ ಮರಳಿದ್ದವು. ಬರೀ ಪೆಟ್ಟಿಗೆ ಕಂಡ, ಇಲ್ಲವೇ ಬರೀ ಶಾಕ್ ತಿಂದ ಇಲಿಗಳಲ್ಲಿ ಈ ಬದಲಾವಣೆ ಇರಲಿಲ್ಲ. ಎರಡನ್ನೂ ಕೂಡಿಸಿ ಕಲಿತ ಇಲಿಗಳಲ್ಲಿ ಮಾತ್ರ ಇತ್ತು.

ಮಿಥೈಲ್ ಅಂಟಿಸುವ ಕಿಣ್ವವನ್ನು ತಡೆಯುವ ಔಷಧವನ್ನು ಕಲಿಕೆಯಾದ ಕೂಡಲೇ ಹಿಪೊಕ್ಯಾಂಪಸ್‌ಗೆ ಬಿಟ್ಟರೆ ಮರುದಿನ ಇಲಿಗೆ ಭಯದ ನೆನಪು ಇರಲಿಲ್ಲ. ಆರು ಗಂಟೆ ತಡವಾಗಿ ಬಿಟ್ಟರೆ ಏನೂ ಆಗಲಿಲ್ಲ. ಔಷಧ ಇಳಿದ ಮೇಲೆ ಅದೇ ಇಲಿಗೆ ಮತ್ತೆ ಕಲಿಸಿದರೆ ಚೆನ್ನಾಗಿಯೇ ಕಲಿಯಿತು, ಮಿದುಳು ಕೆಟ್ಟಿರಲಿಲ್ಲ. 2007ರ ‘ನ್ಯೂರಾನ್’ ಪತ್ರಿಕೆಯಲ್ಲಿ ಇದು ಬಂದಾಗ ಬಹಳ ಜನ ನಂಬಲಿಲ್ಲ. ವಿಭಜನೆಯಾಗದ ಕೋಶದಲ್ಲಿ ಮಿಥೈಲ್ ತೆಗೆಯುವವರು ಯಾರು? ಬಳಸಿದ ಔಷಧಗಳು ಡಿಎನ್‌ಎ ನಕಲಾಗುವಾಗ ಮಾತ್ರ ಒಳಹೊಗುವಂಥವು, ನಕಲಾಗದ ನರಕೋಶದಲ್ಲಿ ಅವು ಕೆಲಸ ಮಾಡಿದ್ದು ಹೇಗೆ? ಎರಡೂ ನ್ಯಾಯವಾದ ಪ್ರಶ್ನೆಗಳೇ. ಮೊದಲನೆಯದಕ್ಕೆ 2009ರಲ್ಲಿ ಉತ್ತರದ ಬಾಗಿಲು ತೆರೆಯಿತು. ಅಂಜನಾ ರಾವ್ ಅವರ ತಂಡ ಟೆಟ್ ಎಂಬ ಕಿಣ್ವ ಮಿಥೈಲನ್ನು ಮಾರ್ಪಡಿಸುತ್ತದೆಂದು ತೋರಿಸಿತು. ಅದೇ ಹೊತ್ತಿಗೆ ನಥಾನಿಯಲ್ ಹೈಂಟ್ಸ್ ಅವರ ಪ್ರಯೋಗಾಲಯದಲ್ಲಿ, ಹಾಗೆ ಮಾರ್ಪಟ್ಟ ಗುರುತು ಕಿರುಮಿದುಳಿನ ಪರ್ಕಿಂಜೆ ನರಕೋಶಗಳಲ್ಲಿ ಹೇರಳವಾಗಿ ಸಿಕ್ಕಿತು. ನರಕೋಶಕ್ಕೆ ತನ್ನ ಹೊಸ್ತಿಲನ್ನು ಒರೆಸಿಕೊಳ್ಳುವ ದಾರಿಯಿದೆ. ಎರಡನೆಯ ಪ್ರಶ್ನೆ ಅಷ್ಟು ಸುಲಭವಾಗಿ ಬಗೆಹರಿಯಲಿಲ್ಲ.

ಈಗ ಕಟ್ಟಡ ಎದ್ದ ಮೇಲೂ ಗಾರೆ ಯಾಕೆ ಎಂಬ ಪ್ರಶ್ನೆಗೆ ಮರಳೋಣ. ಕೋಶಗಳಿಂದ ಹೊರಬಂದ ರೀಲಿನ್ ಪಕ್ಕದ ನರಕೋಶದ ಮೈಮೇಲಿನ ಎರಡು ಗ್ರಾಹಕಗಳನ್ನು ಹಿಡಿಯುತ್ತದೆ. ಅವು ಕೊಬ್ಬನ್ನು ಸಾಗಿಸುವ ಕಣಗಳನ್ನು ಹಿಡಿಯುವ ಗ್ರಾಹಕಗಳ ಬಳಗದವು, 1999ರಲ್ಲಿ ಪತ್ತೆಯಾದವು. ಆ ಹಿಡಿತದಿಂದ ನರಕೋಶಗಳ ನಡುವಿನ ಸಂಪರ್ಕ ಗಟ್ಟಿಯಾಗುತ್ತದೆ. ಅಂದರೆ ಒಂದು ಅನುಭವ, ಆ ಅನುಭವಕ್ಕೆ ಜೀನಿನ ಹೊಸ್ತಿಲಿನಲ್ಲಿ ಕೆಲವು ಮಿಥೈಲ್ ಸರಿಯುವುದು, ಅದರಿಂದ ಹೊರಗಿನ ಗಾರೆ ಬದಲಾಗುವುದು, ಆ ಗಾರೆಯಿಂದ ಮತ್ತೆ ಪಕ್ಕದ ಕೋಶ ಬದಲಾಗುವುದು. ಒಳಗಿನ ಬರಹವೂ ಹೊರಗಿನ ಸಂದೂ ಹೀಗೆ ಒಂದರ ಮಾತನ್ನು ಇನ್ನೊಂದು ಕೇಳುತ್ತಿರುತ್ತವೆ. ಈ ಇಡೀ ಹುಡುಕಾಟದಲ್ಲಿ ನನ್ನ ಮನಸ್ಸಿಗೆ ಅತಿ ಹತ್ತಿರವಾದ ಸಂಗತಿ ಇದು.

ಬೇಕಾದ ಒಂದೇ ಹೊಸ್ತಿಲನ್ನು ಒರೆಸಲು ಆಗುತ್ತದೆಯೇ? ವ್ಯಾಲ್ಪ್ರೊಯೇಟಿನಂಥ ಔಷಧ ರೀಲಿನ್ ಒಂದನ್ನೇ ಅಲ್ಲ, ಬೇರೆ ನೂರಾರು ಜೀನುಗಳನ್ನೂ ಕದಲಿಸುತ್ತದೆ. 2016ರಲ್ಲಿ ಅಮೆರಿಕದ ರುಡಾಲ್ಫ್ ಯೇನಿಶ್ ಅವರ ಪ್ರಯೋಗಾಲಯ ಕ್ರಿಸ್ಪರ್ ಸಾಧನದ ಕತ್ತರಿಯನ್ನು ಮೊಂಡು ಮಾಡಿ, ಅದಕ್ಕೆ ಟೆಟ್ ಕಿಣ್ವವನ್ನು ಕಟ್ಟಿ, ನರಕೋಶದಲ್ಲಿ ಆಯ್ದ ಒಂದು ಜೀನಿನ ಹೊಸ್ತಿಲಿನ ಮಿಥೈಲನ್ನು ತೆಗೆದು ತೋರಿಸಿತು. ಅವರು ಆಯ್ದದ್ದು ಬಿಡಿಎನ್‌ಎಫ್ ಎಂಬ ಬೇರೆ ಜೀನು. ಅಕ್ಷರ ತಿದ್ದದೆ ಓದನ್ನು ಮಾತ್ರ ಬದಲಿಸಬಹುದು ಎಂಬುದು ಅಲ್ಲಿ ಖಚಿತವಾಯಿತು.

ರೀಲಿನ್ ಹೆಚ್ಚು ಬಲವಾಗಿ ಕೆಲಸ ಮಾಡಿದರೆ ಏನಾಗಬಹುದು ಎಂಬುದರ ಒಂದು ನೋಟ 2023ರಲ್ಲಿ ಕೊಲಂಬಿಯಾದಿಂದ ಬಂತು. ಅಲ್ಲಿನ ಆಂಟಿಯೋಕಿಯಾ ಸೀಮೆಯ ಒಂದು ದೊಡ್ಡ ವಂಶದಲ್ಲಿ ನಲವತ್ತರ ಹರೆಯದಲ್ಲೇ ಆಲ್ಝೈಮರ್ ತರುವ ಜೀನು ಹರಿದುಬಂದಿದೆ. ಫ್ರಾನ್ಸಿಸ್ಕೊ ಲೊಪೆರಾ ಎಂಬ ನರವೈದ್ಯರು ದಶಕಗಳ ಕಾಲ ಆ ಮನೆಗಳ ಬಾಗಿಲು ತಟ್ಟುತ್ತ, ಅವರ ಕಷ್ಟ ಕೇಳುತ್ತ ಅವರ ಜೊತೆ ಬದುಕಿದರು. ಆ ವಂಶದ ಒಬ್ಬ ಗಂಡಸು ಅದೇ ಜೀನು ಹೊತ್ತೂ 67 ವಯಸ್ಸಿನವರೆಗೆ ಬುದ್ಧಿ ಮಂಕಾಗದೆ ಉಳಿದರು. ತೀರಿಕೊಂಡ ಮೇಲೆ ಅವರ ಮಿದುಳು ನೋಡಿದಾಗ ಆಲ್ಝೈಮರಿನ ಅಮಿಲಾಯ್ಡ್ ದಂಡಿಯಾಗಿ ಇತ್ತು. ಆದರೆ ನೆನಪಿನ ದಾರಿಯ ಮೊದಲ ಮೆಟ್ಟಿಲಾದ ಎಂಟೊರೈನಲ್ ಕಾರ್ಟೆಕ್ಸ್‌ನಲ್ಲಿ ಕೋಶಗಳನ್ನು ಕೊಲ್ಲುವ ಟೌ ಸಿಕ್ಕುಗಳು ತೀರ ಕಡಿಮೆ. ಬೆಳೆದ ಮಿದುಳಿನಲ್ಲಿ ರೀಲಿನ್ ಹೇರಳವಾಗಿರುವ ಜಾಗಗಳಲ್ಲಿ ಅದೂ ಒಂದು. ಅವರ ರೀಲಿನ್ ಜೀನಿನಲ್ಲಿ ಒಂದೇ ಒಂದು ಅಕ್ಷರದ ವ್ಯತ್ಯಾಸ ಸಿಕ್ಕಿತು, ಅದರಿಂದ ರೀಲಿನ್ ಹೆಚ್ಚು ಬಲವಾಗಿ ಕೆಲಸ ಮಾಡುತ್ತಿತ್ತು. 3,460 ಅಮೈನೊ ಆಮ್ಲಗಳ ಆ ಉದ್ದದ ಸಾಲಿನಲ್ಲಿ ಬದಲಾಗಿದ್ದದ್ದು 3,447ನೆಯದು.